ಆಕ್ಸಫರ್ಡ: ಊರೂ ವಿದ್ಯಾಪೀಠವೂ

ಆಕ್ಸಫರ್ಡದ ಹೆಸರು ಕೇಳಿದೊಡನೆ ನಮ್ಮ ಸುಶಿಕ್ಷಿತರ ಕಣ್ಣ ಮುಂದೆ ಗೋಪುರಗಳೂ ಗ್ರಂಥಭಾಂಡಾರಗಳೂ ನಿಲ್ಲುವವು. ಆ ಗೋಪುರಗಳ ನೆರಳಿನಲ್ಲಿಯೇ ರೊಟ್ಟಿ ಸುಟ್ಟು, ಮದ್ಯ ಮಾರಿ, ವಿದ್ಯಾರ್ಥಿಗಳಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕಿದ ಊರೊಂದು ಇದ್ದಿತೆಂಬದನ್ನು ನೆನೆಯುವವರು ವಿರಳ. ವಿದ್ಯಾಪೀಠಕ್ಕಿಂತ ಆ ಊರೇ ಹಳೆಯದು. ಇವೆರಡರ ನಡುವೆ ಶತಮಾನಗಳ ವರೆಗೆ ನಡೆದ ವ್ಯಾಜ್ಯವು ವಿಚಾರವಂತರಾದ ವಾಚಕರ ಲಕ್ಷ್ಯಕ್ಕೆ ಯೋಗ್ಯವಾಗಿರುವದು.

ವ್ಯಾಜ್ಯದ ಬೇರು ಕಾಯದೆಯಲ್ಲಿಯೇ ಇದ್ದಿತು. ಅಂದಿನ ವಿದ್ಯಾರ್ಥಿಗಳು ಧರ್ಮಾಧಿಕಾರಿಗಳ ವರ್ಗಕ್ಕೆ ಸೇರಿದವರೆಂದು ಗಣಿಸಲ್ಪಡುತ್ತಿದ್ದರು. ಅವರ ವಿಚಾರಣೆಯ ಹಕ್ಕು ಚರ್ಚಿನದು. ಒಂದೇ ಬೀದಿಯಲ್ಲಿ ಒಂದೇ ಅಪರಾಧಕ್ಕೆ ಎರಡು ನ್ಯಾಯಾಸನಗಳು! 1209ರಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಲು, ಆರೋಪ ಹೊತ್ತ ವಿದ್ಯಾರ್ಥಿಯು ಓಡಿಹೋದನು. ಊರವರು ಅವನ ಸಂಗಡಿಗರನ್ನು ಹಿಡಿದು ಗಲ್ಲಿಗೇರಿಸಿದರು. ಪಂಡಿತರು ಊರು ಬಿಟ್ಟರು. ಅವರಲ್ಲಿ ಕೆಲವರು ಕೇಂಬ್ರಿಜ್ಜಿಗೆ ಹೋಗಿ ನೆಲೆನಿಂತರು. 1214ರಲ್ಲಿ ಪೋಪರ ಪ್ರತಿನಿಧಿಯು ಕೊಟ್ಟ ತೀರ್ಪಿನಂತೆ ಊರವರು ಬಡ ವಿದ್ಯಾರ್ಥಿಗಳ ಸಲುವಾಗಿ ವರ್ಷಕ್ಕೆ 52 ಶಿಲಿಂಗು ಕೊಡಬೇಕಾಯಿತು.

ಮುಂದೆ 1355ರ ಫೆಬ್ರುವರಿ 10ರಂದು ಮದ್ಯದಂಗಡಿಯೊಂದರಲ್ಲಿ ದ್ರಾಕ್ಷಾರಸ ಕೆಟ್ಟದ್ದೆಂದು ಹುಟ್ಟಿದ ಜಗಳವು ಮೂರು ದಿನಗಳ ರಕ್ತಪಾತವಾಯಿತು. ಸತ್ತ ವಿದ್ಯಾರ್ಥಿಗಳ ಸಂಖ್ಯೆ 63 ಎಂದು ಪರಂಪರೆಯಿಂದ ಹೇಳುವರು. ಊರವರೂ ಹಲವರು ಸತ್ತರು. ಜಗಳ ತೆಗೆದವರು ವಿದ್ಯಾರ್ಥಿಗಳು. ಹೆಚ್ಚು ಕೊಂದವರು ಊರವರು. ಆದರೆ ಮೂರನೆಯ ಎಡ್ವರ್ಡ್ ರಾಜನು ವಿದ್ಯಾರ್ಥಿಗಳನ್ನು ಕ್ಷಮಿಸಿ, ಪೇಟೆಯ ತೂಕ ಅಳತೆ, ರೊಟ್ಟಿ ಮದ್ಯಗಳ ನಿಯಂತ್ರಣವನ್ನು ವಿದ್ಯಾಪೀಠಕ್ಕೆ ಒಪ್ಪಿಸಿದನು. ಇದಲ್ಲದೆ ಮೇಯರನೂ ಊರ ಪ್ರಮುಖರೂ ಪ್ರತಿವರ್ಷ ಸೇಂಟ್ ಮೇರಿ ಚರ್ಚಿಗೆ ಬಂದು ತಲೆಗೊಂದು ಪೆನ್ನಿಯನ್ನು ಪ್ರಾಯಶ್ಚಿತ್ತವಾಗಿ ಸಲ್ಲಿಸತಕ್ಕದ್ದೆಂದು ವಿಧಿಸಲಾಯಿತು. ಈ ಪದ್ಧತಿಯು 1825ರಲ್ಲಿ ನಿಂತಿತು. ಮುತ್ತಜ್ಜನ ಮುತ್ತಜ್ಜನು ಮಾಡಿದ ಅಪರಾಧಕ್ಕೆ ಮರಿಮಕ್ಕಳು ದಂಡ ತೆರುವದು ಯಾವ ನ್ಯಾಯ?

ವಿಶೇಷ ಹಕ್ಕುಗಳಿಲ್ಲದೆ ವಿದ್ಯೆಯು ಅಲ್ಲಿ ಉಳಿಯುತ್ತಿರಲಿಲ್ಲವೆಂದು ಕೆಲವರು ಅನ್ನುವರು. ಅದರಲ್ಲಿ ಸತ್ಯಾಂಶವುಂಟು. ಪರಸ್ಥಳದಿಂದ ಬಂದ ಬಡ ಹುಡುಗನನ್ನು ಬಾಡಿಗೆಯವನ ಲೋಭದಿಂದ ಕಾಯುವದು ಅವಶ್ಯವಿದ್ದಿತು. ಆದರೆ ರಕ್ಷಣೆ ಬೇರೆ, ಒಡೆತನ ಬೇರೆ. ರೊಟ್ಟಿಯಂಗಡಿಯ ತಕ್ಕಡಿಯ ಮೇಲೆ ಪಂಡಿತನಿಗೆ ಅಧಿಕಾರವೇಕೆ? ಅಧಿಕಾರದ ರುಚಿ ಹತ್ತಿದ ವಿದ್ಯಾಪೀಠವು ಬಾಗಿಲುಗಳನ್ನೂ ಮುಚ್ಚಿಕೊಂಡಿತು. ಇಂಗ್ಲಂಡದ ರಾಜಮತಕ್ಕೆ ಸೇರದವರಿಗೆ ಅಲ್ಲಿಯ ಅಧ್ಯಾಪಕ ಪದವಿಗಳು ದೊರೆತದ್ದು 1871ರ ಕಾಯದೆಯಿಂದ. ಹೆಣ್ಣುಮಕ್ಕಳಿಗೆ ಪದವಿ ದೊರೆತದ್ದು 1920ರಲ್ಲಿ. ಇವುಗಳಿಂದ ಆಕ್ಸಫರ್ಡದ ಕೀರ್ತಿಯು ಕುಂದಲಿಲ್ಲ, ಬೆಳೆಯಿತು.

1955ರಲ್ಲಿ, ಆ ರಕ್ತಪಾತದ 600ನೆಯ ವರ್ಷಕ್ಕೆ, ವಿದ್ಯಾಪೀಠವು ಮೇಯರನಿಗೆ ಗೌರವ ಪದವಿಯನ್ನಿತ್ತಿತು. ಊರು ಕುಲಪತಿಗೆ ನಾಗರಿಕತ್ವದ ಸನ್ಮಾನವನ್ನಿತ್ತಿತು. ರಾಜನ ಸನದುಗಳಿಂದ ಆಗದ ಸಂಧಾನವು ಸಮಾನರ ಭೇಟಿಯಿಂದ ಆಯಿತು. ವಿದ್ಯಾಪೀಠಗಳನ್ನು ಕಟ್ಟುವ ಮಹನೀಯರು ಗೋಪುರಗಳ ಎತ್ತರವನ್ನು ಅಳೆಯುವಾಗ, ತಮಗೆ ಅನ್ನವಿಕ್ಕುವ ಊರನ್ನೂ ಮಾತಿಗೆ ಕರೆಯಲಿ.