ಮರಳಲು ಊರಿಲ್ಲದ ತಲೆಮಾರು

1980ರ ದಶಕದಲ್ಲಿ ಚೀನಾದ ಹಳ್ಳಿಗಳನ್ನು ಬಿಟ್ಟು ಶೆನ್‌ಜೆನ್‌ನ ಕಾರ್ಖಾನೆಗಳನ್ನು ಸೇರಿದ ಮೊದಲ ತಲೆಮಾರು ದುಡಿದದ್ದು ಊರಿಗಾಗಿ. ಉಳಿತಾಯದಿಂದ ಹಳ್ಳಿಯಲ್ಲೇ ಮನೆ ಕಟ್ಟಿತು, ವಸಂತೋತ್ಸವಕ್ಕೆ ಅಲ್ಲಿಗೇ ಮರಳಿತು. ಅವರ ಮಕ್ಕಳ ತಲೆಮಾರಿನವರೋ ಶಾಲೆಯಿಂದ ನೇರವಾಗಿ ಕಾರ್ಖಾನೆಗೆ ಬಂದವರು. ಬಹುಪಾಲು ಮಂದಿ ಉಳುಮೆಯನ್ನೇ ಅರಿಯರು. ಅವರಿಗೆ ನಗರವೇ ಬೇಕು. ಆದರೆ 1958ರಲ್ಲಿ ಕಾನೂನಾದ ‘ಹುಕೋ’ ಎಂಬ ಕುಟುಂಬ ನೋಂದಣಿ ವ್ಯವಸ್ಥೆ, ಹಲವು ಸಡಿಲಿಕೆಗಳ ನಂತರವೂ, ಮಹಾನಗರಗಳಲ್ಲಿ ಅವರನ್ನು ಹೊರಗಿನವರಾಗಿಯೇ ಉಳಿಸಿದೆ. ಮಕ್ಕಳ ಶಿಕ್ಷಣಕ್ಕೂ ಅದು ತೊಡಕು.

ಹಿರಿಯರ ತಾಳ್ಮೆ ಕಿರಿಯರಿಗಿಲ್ಲವೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಆ ತಾಳ್ಮೆಗೆ ಮರಳಬಹುದಾದ ಊರಿನ ಆಸರೆಯಿತ್ತು; ಕಿರಿಯರಿಗೆ ಅದಿಲ್ಲ. ಮುಂಬಯಿ, ಪುಣೆಗಳಲ್ಲಿ ಬೆಳೆದ ನಮ್ಮ ಮಕ್ಕಳು ಆ ನಗರವನ್ನೇ ತಮ್ಮೂರೆಂದಾಗ ನಾವು ಅದನ್ನು ಕೃತಘ್ನತೆಯೆನ್ನುವುದಿಲ್ಲ. ದುಡಿಯುವ ಊರಿನಲ್ಲಿ ನೆಲೆಸುವ ಹಕ್ಕು ಶೆನ್‌ಜೆನ್‌ನ ಯುವಕಾರ್ಮಿಕರಿಗೂ ಸಲ್ಲಬೇಕು.