ಮೂವರ ಹಿಂದೆ ಯಾರಿದ್ದಾರೆ?

ಗುಜರಾತ್ ಟೈಟನ್ಸ್ ಬಗ್ಗೆ ಮಾತು ಶುರುವಾದರೆ ಅಹಮದಾಬಾದಿನಲ್ಲಿ ಮೊದಲು ಕೇಳಿಬರುವುದು ಮೂರು ಹೆಸರು: ಸಾಯಿ ಸುದರ್ಶನ್, ಶುಭಮನ್ ಗಿಲ್, ಜೋಸ್ ಬಟ್ಲರ್. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2025ರ ಐಪಿಎಲ್‌ನಲ್ಲಿ ಸುದರ್ಶನ್ 759 ರನ್ ಗಳಿಸಿ ಆರೆಂಜ್ ಕ್ಯಾಪ್ ಪಡೆದರು. ಗಿಲ್ 650, ಬಟ್ಲರ್ 538 ರನ್ ಹೊಡೆದರು. ಮೂವರದ್ದು ಸೇರಿ 1947. ಆದರೆ ಅದೇ ಪಟ್ಟಿಯಲ್ಲಿ ಒಂದು ಸಾಲು ಕೆಳಗಿಳಿದು ನೋಡಿ. ನಾಲ್ಕನೆಯವರಾಗಿ ನಿಲ್ಲುವ ಶೆರ್ಫೇನ್ ರುದರ್‌ಫರ್ಡ್ ಗಳಿಸಿದ್ದು 291. ಮೂರನೆಯವರಿಗೂ ನಾಲ್ಕನೆಯವರಿಗೂ ನಡುವೆ 247 ರನ್‌ಗಳ ಕಂದಕ. ಈಗ ಆ ರುದರ್‌ಫರ್ಡ್ ಕೂಡ ತಂಡದಲ್ಲಿಲ್ಲ. ಕಳೆದ ನವೆಂಬರ್‌ನಲ್ಲಿ ಅವರು ಮುಂಬೈ ಇಂಡಿಯನ್ಸ್ ಪಾಲಾದರು.

ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಹರಾಜಿನ ನಂತರ ಟೈಟನ್ಸ್ ಬಳಗ ಪೂರ್ಣಗೊಂಡಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಈ ಮೂವರಲ್ಲಿ ಇಬ್ಬರು ಒಂದೇ ದಿನ ಬೇಗ ಔಟಾದರೆ ತಂಡವನ್ನು ಎತ್ತುವವರು ಯಾರು?

ಇಂಥ ಪ್ರಶ್ನೆಯನ್ನು ವರ್ಷವಿಡೀ ಚರ್ಚಿಸುವ ಆಟವೊಂದಿದೆ, ಅಮೆರಿಕನ್ ಫುಟ್‌ಬಾಲ್. ಅಲ್ಲಿ ಪ್ರತಿ ತಂಡಕ್ಕೂ ಒಂದು ‘ಡೆಪ್ತ್ ಚಾರ್ಟ್’ ಇರುತ್ತದೆ. ಪ್ರತಿ ಸ್ಥಾನಕ್ಕೆ ಮೊದಲು ಯಾರು, ಅವರಿಲ್ಲದಿದ್ದರೆ ಯಾರು, ಅವರೂ ಇಲ್ಲದಿದ್ದರೆ ಯಾರು ಎಂಬ ಪಟ್ಟಿ ಅದು. ಹೆಚ್ಚು ವಾದ ನಡೆಯುವ ಸ್ಥಾನಗಳಲ್ಲಿ ‘ವೈಡ್ ರಿಸೀವರ್’ ಕೂಡ ಒಂದು. ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡನ್ನು ಓಡುತ್ತಾ ಹಿಡಿಯುವವರು ಇವರು. ಸಾಮಾನ್ಯವಾಗಿ ಮೂವರು ಮೈದಾನದಲ್ಲಿರುತ್ತಾರೆ, ಐದಾರು ಮಂದಿ ಬಳಗದಲ್ಲಿರುತ್ತಾರೆ. ಅವರನ್ನು ಅಳೆಯುವಾಗ ಎರಡು ವಿಷಯ ಮುಖ್ಯ. ಒಂದು, ಎಲ್ಲರೂ ಒಂದೇ ಬಗೆಯವರಾಗಿದ್ದರೆ ಅದು ಆಳವಲ್ಲ. ಒಬ್ಬ ದೂರಕ್ಕೆ ವೇಗವಾಗಿ ಓಡಬೇಕು, ಇನ್ನೊಬ್ಬ ಇಕ್ಕಟ್ಟಿನಲ್ಲಿ ಚೆಂಡು ಹಿಡಿಯಬೇಕು. ಎರಡು, ನಾಲ್ಕನೆಯವನ ಬೆಲೆ ತಿಳಿಯುವುದು ಮೊದಲನೆಯವನು ಗಾಯಗೊಂಡ ದಿನ. ಆ ದಿನಕ್ಕೆ ಮುಂಚೆಯೇ ಅವನಿಗೆ ನಿಜವಾದ ಪಂದ್ಯದಲ್ಲಿ ಚೆಂಡು ಸಿಕ್ಕಿರಬೇಕು.

ಇದೇ ಅಳತೆಗೋಲನ್ನು ಟೈಟನ್ಸ್ ಬ್ಯಾಟಿಂಗ್‌ಗೆ ಹಿಡಿಯೋಣ.

2025ರ ಮೇ 18ರಂದು ದೆಹಲಿ ವಿರುದ್ಧ 200 ರನ್ ಬೆನ್ನಟ್ಟಿದ ಟೈಟನ್ಸ್ ಒಂದೂ ವಿಕೆಟ್ ಕಳೆದುಕೊಳ್ಳದೆ 19 ಓವರ್‌ಗಳಲ್ಲಿ ಗೆದ್ದಿತು. ಸುದರ್ಶನ್ ಅಜೇಯ 108, ಗಿಲ್ ಅಜೇಯ 93. ನೋಡಲು ಸೊಗಸಾದ ಪಂದ್ಯ. ಆದರೆ ಆ ರಾತ್ರಿ ಮಧ್ಯಮ ಕ್ರಮಾಂಕಕ್ಕೆ ಸಿಕ್ಕಿದ್ದು ಶೂನ್ಯ ಎಸೆತ. ಆ ಋತುವಿನುದ್ದಕ್ಕೂ ಬಹುಪಾಲು ನಡೆದದ್ದು ಇದೇ. ಮೇಲಿನ ಮೂವರು ಚೆನ್ನಾಗಿ ಆಡಿದಷ್ಟೂ ಕೆಳಗಿನವರು ಪ್ಯಾಡ್ ಕಟ್ಟಿಕೊಂಡು ಕುಳಿತರು. ಬಂದಾಗಲೂ ಕೊನೆಯ ಮೂರ್ನಾಲ್ಕು ಓವರ್ ಬೀಸಿ ಹೋಗುವ ಕೆಲಸ. ನಾನಿರುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಒಂದು ಮಾತಿದೆ: ಮರಳಿ ಪಡೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಟೈಟನ್ಸ್ ಬಳಿ ಬ್ಯಾಕಪ್ ಇತ್ತು, ಪರೀಕ್ಷೆ ಆಗಿರಲಿಲ್ಲ.

ಪರೀಕ್ಷೆ ನಾಲ್ಕೇ ದಿನದಲ್ಲಿ ಬಂತು. ಮೇ 22ರಂದು ಇದೇ ಅಹಮದಾಬಾದಿನಲ್ಲಿ ಲಖನೌ 235 ರನ್ ಹೊಡೆಯಿತು. ಶಾರುಖ್ ಖಾನ್ 29 ಎಸೆತಗಳಲ್ಲಿ 57 ಗಳಿಸಿದರೂ ಟೈಟನ್ಸ್ 33 ರನ್‌ಗಳಿಂದ ಸೋತಿತು. ಮೇ 25ರಂದು ಚೆನ್ನೈ ಎದುರು 147ಕ್ಕೆ ಆಲೌಟ್ ಆಗಿ 83 ರನ್‌ಗಳ ಸೋಲು. ಈ ಎರಡರಲ್ಲಿ ಒಂದನ್ನು ಗೆದ್ದಿದ್ದರೂ 20 ಅಂಕಗಳೊಂದಿಗೆ ಪಟ್ಟಿಯ ಮೊದಲ ಸ್ಥಾನ ಸಿಗುತ್ತಿತ್ತು. ಪಂಜಾಬ್ ಮತ್ತು ಬೆಂಗಳೂರು 19 ಅಂಕಕ್ಕೆ ನಿಂತಿದ್ದವು. 18 ಅಂಕದ ಟೈಟನ್ಸ್ ಮೂರನೇ ಸ್ಥಾನಕ್ಕೆ ಜಾರಿತು. ಮೊದಲ ಎರಡು ಸ್ಥಾನದವರಿಗೆ ಫೈನಲ್ ತಲುಪಲು ಎರಡು ಅವಕಾಶ, ಮೂರನೆಯವರಿಗೆ ಸೋತರೆ ಮನೆ.

ಮೇ 30ರ ಎಲಿಮಿನೇಟರ್ ಪಂದ್ಯವನ್ನು ಡೆಪ್ತ್ ಚಾರ್ಟ್ ಹಿಡಿದೇ ಓದಬೇಕು. ಭಾರತ–ಪಾಕಿಸ್ತಾನ ಸಂಘರ್ಷದಿಂದಾಗಿ ಮೇ ತಿಂಗಳಲ್ಲಿ ಟೂರ್ನಿ ಒಂದು ವಾರ ನಿಂತು, ವೇಳಾಪಟ್ಟಿ ಮುಂದಕ್ಕೆ ಹೋಗಿತ್ತು. ಬಟ್ಲರ್ ಇಂಗ್ಲೆಂಡ್ ತಂಡ ಸೇರಲು ಹೊರಟುಹೋಗಿದ್ದರು. ಅವರ ಜಾಗಕ್ಕೆ ಬಂದ ಕುಶಾಲ್ ಮೆಂಡಿಸ್‌ಗೆ ಅದು ಟೈಟನ್ಸ್ ಪರ ಮೊದಲ ಪಂದ್ಯ. ಮುಂಬೈ ಇಟ್ಟ ಗುರಿ 229. ಗಿಲ್ ಮೊದಲ ಓವರ್‌ನಲ್ಲೇ 1 ರನ್‌ಗೆ ಔಟಾದರು. ಮೆಂಡಿಸ್ 10 ಎಸೆತಗಳಲ್ಲಿ 20 ಗಳಿಸಿ ಹಿಟ್ ವಿಕೆಟ್ ಆದರು. ಹೀಗೆ ಮೂವರಲ್ಲಿ ಒಬ್ಬರು ವಿಮಾನ ಹತ್ತಿದ್ದರು, ಇನ್ನೊಬ್ಬರು ಡಗ್‌ಔಟ್‌ನಲ್ಲಿ, ಉಳಿದವರು ಸುದರ್ಶನ್ ಒಬ್ಬರೇ.

ಆಗ ನಾಲ್ಕನೇ ಕ್ರಮಾಂಕದಲ್ಲಿ ಬಂದವರು ವಾಷಿಂಗ್ಟನ್ ಸುಂದರ್. 24 ಎಸೆತಗಳಲ್ಲಿ 48. ಸುದರ್ಶನ್ ಜೊತೆ 84 ರನ್‌ಗಳ ಜೊತೆಯಾಟ. ಪಂದ್ಯ ಟೈಟನ್ಸ್ ಕೈಗೆ ಬಂದಂತೆ ಕಂಡಿದ್ದಾಗ ಜಸ್‌ಪ್ರೀತ್ ಬುಮ್ರಾ ಅವರ ಯಾರ್ಕರ್ ವಾಷಿಂಗ್ಟನ್ ಸ್ಟಂಪ್ ಉರುಳಿಸಿತು. ಬುಮ್ರಾ ಇದೇ ಅಹಮದಾಬಾದಿನ ಹುಡುಗ. ಎದುರಾಳಿ ನಾಯಕ ಹಾರ್ದಿಕ್ ಪಾಂಡ್ಯ ಸೂರತ್ ಜಿಲ್ಲೆಯಲ್ಲಿ ಹುಟ್ಟಿ, ವಡೋದರದಲ್ಲಿ ಕ್ರಿಕೆಟ್ ಕಲಿತು, 2022ರಲ್ಲಿ ಟೈಟನ್ಸ್‌ಗೆ ಕಪ್ ಗೆದ್ದುಕೊಟ್ಟವರು. 80 ರನ್ ಗಳಿಸಿದ ಸುದರ್ಶನ್ ಕೂಡ ಔಟಾದ ಮೇಲೆ ಉಳಿದವರಿಂದ ಗುರಿ ಮುಟ್ಟಲಾಗಲಿಲ್ಲ. 20 ರನ್‌ಗಳ ಸೋಲು. ಕ್ಯಾಚ್‌ಗಳು ಕೈಚೆಲ್ಲಿದ್ದವು, ಬೌಲಿಂಗ್ ಕೂಡ ದುಬಾರಿಯಾಗಿತ್ತು, ನಿಜ. ಆದರೆ ಮೂರು ಸೋಲುಗಳಲ್ಲಿ ಸಮಾನವಾಗಿದ್ದದ್ದು ಒಂದೇ: ದೊಡ್ಡ ಗುರಿ ಎದುರಿದ್ದಾಗ ಮೂವರಲ್ಲಿ ಇಬ್ಬರು ದೊಡ್ಡ ಆಟ ಆಡದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ.

ಆಳ ಎಂದರೆ ಹೇಗಿರುತ್ತದೆ ಎಂಬುದಕ್ಕೆ ನಮ್ಮವರದ್ದೇ ಎರಡು ಉದಾಹರಣೆಗಳಿವೆ. ಎರಡೂ ನಡೆದದ್ದು ಗುಜರಾತಿನಲ್ಲೇ.

ಮೊದಲನೆಯದು ವಡೋದರದ ಕೋಟಂಬಿ ಕ್ರೀಡಾಂಗಣದ್ದು. 2025ರ ಜನವರಿ 18, ವಿಜಯ್ ಹಜಾರೆ ಟ್ರೋಫಿ ಫೈನಲ್, ಕರ್ನಾಟಕ–ವಿದರ್ಭ. ದೇವದತ್ತ ಪಡಿಕ್ಕಲ್ 8, ಮಯಂಕ್ ಅಗರ್ವಾಲ್ 32, ಕೆ.ವಿ. ಅನೀಶ್ 21. ಕರ್ನಾಟಕ 67ಕ್ಕೆ 3. ಅಗ್ರ ಮೂವರನ್ನೇ ನಂಬಿದ ತಂಡವಾಗಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಬಳಿಕ ಆರ್. ಸ್ಮರಣ್ 101, ಕೃಷ್ಣನ್ ಶ್ರೀಜಿತ್ 78 ಗಳಿಸಿದರು. ನಾಲ್ಕನೇ ವಿಕೆಟ್‌ಗೆ 160 ರನ್ ಬಂತು. ಆಮೇಲೆ ಅಭಿನವ್ ಮನೋಹರ್ 42 ಎಸೆತಗಳಲ್ಲಿ 79 ಚಚ್ಚಿದರು. ಮೊತ್ತ 348. ಪ್ರಸಿದ್ಧ ಕೃಷ್ಣ, ವಾಸುಕಿ ಕೌಶಿಕ್, ಅಭಿಲಾಷ್ ಶೆಟ್ಟಿ ತಲಾ ಮೂರು ವಿಕೆಟ್ ಪಡೆದು 36 ರನ್‌ಗಳ ಗೆಲುವು ತಂದರು. ಕರ್ನಾಟಕಕ್ಕೆ ಅದು ಐದನೇ ಹಜಾರೆ ಟ್ರೋಫಿ. ಮೂವರೂ ಬ್ಯಾಟರ್‌ಗಳ ಕೆಲಸ ಬೇರೆ ಬೇರೆ ಎಂಬುದನ್ನು ಗಮನಿಸಿ. ಸ್ಮರಣ್ ಕಟ್ಟಿದರು, ಶ್ರೀಜಿತ್ ಜೊತೆ ನಿಂತರು, ಅಭಿನವ್ ಮುಗಿಸಿದರು. ಈ ಅಭಿನವ್ 2022ರಿಂದ ಮೂರು ಋತು ಇದೇ ಟೈಟನ್ಸ್ ಬಳಗದಲ್ಲಿದ್ದವರು ಎಂಬುದನ್ನು ಇಲ್ಲಿನ ಅಭಿಮಾನಿಗಳು ಮರೆತಿದ್ದಾರೆ.

ಎರಡನೆಯದು ಅಹಮದಾಬಾದಿನದ್ದೇ. ಜೂನ್ 3ರ ಐಪಿಎಲ್ ಫೈನಲ್. ಆರ್‌ಸಿಬಿ 9 ವಿಕೆಟ್‌ಗೆ 190 ರನ್ ಗಳಿಸಿತು, ಒಬ್ಬರದ್ದೂ ಅರ್ಧಶತಕವಿಲ್ಲ. ವಿರಾಟ್ ಕೊಹ್ಲಿ ಅವರ 43 ರನ್ನೇ ಅತಿ ಹೆಚ್ಚು. ಉಳಿದದ್ದೆಲ್ಲ 26, 25, 24, 24ರ ಲೆಕ್ಕ. ಹನಿ ಹನಿ ಕೂಡಿ ಹಳ್ಳವಾಯಿತು, ಆರು ರನ್‌ಗಳಿಂದ ಕಪ್ ಬಂತು. ವಡೋದರದ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಅದಕ್ಕೂ ಒಂದು ವಾರ ಮೊದಲು ಲಖನೌ ವಿರುದ್ಧ 228 ರನ್ ಬೆನ್ನಟ್ಟುವಾಗ ನಾಲ್ಕು ವಿಕೆಟ್ ಬಿದ್ದ ಮೇಲೆ ಜಿತೇಶ್ ಶರ್ಮಾ ಮತ್ತು ಮಯಂಕ್ ಅಗರ್ವಾಲ್ ಮುರಿಯದ 107 ರನ್ ಸೇರಿಸಿದ್ದರು. ಮಯಂಕ್ ಆ ತಂಡಕ್ಕೆ ಬಂದದ್ದೇ ಗಾಯಗೊಂಡ ಪಡಿಕ್ಕಲ್ ಬದಲಿಗೆ. ವರ್ಷಗಟ್ಟಲೆ ಕೊಹ್ಲಿಯೊಬ್ಬರ ಹೆಗಲ ಮೇಲೆ ಕುಳಿತಿದ್ದ ತಂಡ 18ನೇ ಆವೃತ್ತಿಯಲ್ಲಿ ಗೆದ್ದದ್ದು ಆ ಹೆಗಲಿನ ಭಾರ ಹಂಚಿಕೊಂಡಾಗ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೆಳ ಕ್ರಮಾಂಕದ ಒಂದು ಸ್ಫೋಟಕ ಇನಿಂಗ್ಸ್ ನೋಡಿ ಆಳವಿದೆ ಎಂದು ತೀರ್ಮಾನಿಸಬಾರದು. ಸೂರತ್‌ನ ಪಿಥಾವಾಲಾ ಮೈದಾನದಲ್ಲಿ ಇದೇ ನವೆಂಬರ್ 9ರಂದು ಮೇಘಾಲಯದ ಆಕಾಶ್ ಚೌಧರಿ ಎಂಟನೇ ಕ್ರಮಾಂಕದಲ್ಲಿ ಬಂದು ಸತತ ಎಂಟು ಸಿಕ್ಸರ್ ಬಾರಿಸಿದರು. 11 ಎಸೆತಗಳಲ್ಲಿ ಅರ್ಧಶತಕ, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ವಿಶ್ವದಾಖಲೆ. ಆ ಸಾಧನೆಯನ್ನು ಯಾರೂ ಕಡೆಗಣಿಸಲಾರರು. ಆದರೆ ಅದು ರಣಜಿ ಪ್ಲೇಟ್ ಗುಂಪಿನಲ್ಲಿ ಅರುಣಾಚಲದ ವಿರುದ್ಧ, ತಂಡ 600ರ ಗಡಿ ದಾಟುವಾಗ ಬಂದದ್ದು. ಒತ್ತಡವಿಲ್ಲದಾಗ ಹೊಡೆದ ರನ್ ಕೌಶಲ ತೋರಿಸುತ್ತದೆ. ಕುಸಿದಾಗ ನಿಂತು ಹೊಡೆದ ರನ್ ಆಳ ತೋರಿಸುತ್ತದೆ. ರಾಹುಲ್ ತೆವಾಟಿಯಾ 2022ರಲ್ಲಿ ಪಂಜಾಬ್ ವಿರುದ್ಧ ಕೊನೆಯ ಎರಡು ಎಸೆತಗಳಿಗೆ ಎರಡು ಸಿಕ್ಸರ್ ಹೊಡೆದು ಗೆಲ್ಲಿಸಿದ್ದನ್ನು ಇಲ್ಲಿ ಈಗಲೂ ನೆನೆಯುತ್ತಾರೆ. ಆ ಎರಡು ಎಸೆತದ ನೆನಪಿನ ಮೇಲೆ 2026ರ ಯೋಜನೆ ಕಟ್ಟಲಾಗದು.

ಈಗ ಹರಾಜಿನ ಲೆಕ್ಕಕ್ಕೆ ಬರೋಣ. ಟೈಟನ್ಸ್ ಕೈಯಲ್ಲಿ 12.90 ಕೋಟಿ ರೂಪಾಯಿ, ತುಂಬಲು ಐದು ಸ್ಥಾನ ಇದ್ದವು. 7 ಕೋಟಿಗೆ ಜೇಸನ್ ಹೋಲ್ಡರ್, 2 ಕೋಟಿಗೆ ಟಾಮ್ ಬ್ಯಾಂಟನ್ ಬಂದರು. ಉಳಿದ ಮೂವರು ವೇಗಿಗಳು. ಗ್ಲೆನ್ ಫಿಲಿಪ್ಸ್ ಅವರನ್ನು ಮೊದಲೇ ಉಳಿಸಿಕೊಳ್ಳಲಾಗಿತ್ತು. ಹೆಸರು ಕೇಳಿದರೆ ಆಳ ಹೆಚ್ಚಾದಂತೆ ಕಾಣುತ್ತದೆ. ಆದರೆ ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರೇ. ಬಟ್ಲರ್, ರಶೀದ್ ಖಾನ್, ಕಗಿಸೊ ರಬಾಡ ಮೂರು ಜಾಗ ಹಿಡಿದರೆ ಉಳಿಯುವುದು ಒಂದು. ಆ ಒಂದೇ ಕುರ್ಚಿಗೆ ಫಿಲಿಪ್ಸ್, ಹೋಲ್ಡರ್, ಬ್ಯಾಂಟನ್ ಸರತಿಯಲ್ಲಿ ನಿಂತಿದ್ದಾರೆ. ಬ್ಯಾಂಟನ್ ಬಟ್ಲರ್‌ಗೆ ಬದಲಿ. ಹೋಲ್ಡರ್ ಬೌಲಿಂಗ್ ಆಲ್‌ರೌಂಡರ್. ರುದರ್‌ಫರ್ಡ್ ಮಾಡುತ್ತಿದ್ದ ಕೆಲಸಕ್ಕೆ ನೇರವಾಗಿ ಹೊಂದುವವರು ಫಿಲಿಪ್ಸ್ ಒಬ್ಬರೇ. ಅಂದರೆ ನಿಜವಾದ ಕೊರತೆ ಭಾರತೀಯ ಮಧ್ಯಮ ಕ್ರಮಾಂಕದ ಬ್ಯಾಟರ್‌ನದ್ದು, ಅದನ್ನು ಹರಾಜಿನಲ್ಲಿ ತುಂಬಿಲ್ಲ.

ಹಾಗಾದರೆ ಉತ್ತರ ಬಳಗದೊಳಗೇ ಹುಡುಕಬೇಕು. ನನ್ನ ಓದಿನಲ್ಲಿ ಆ ಉತ್ತರ ವಾಷಿಂಗ್ಟನ್ ಸುಂದರ್. ಎಲಿಮಿನೇಟರ್‌ನಲ್ಲಿ ಅವರು ಆಡಿದ್ದು ಆಕಸ್ಮಿಕವಲ್ಲ. ನವೆಂಬರ್‌ನಲ್ಲಿ ಕೋಲ್ಕತ್ತಾ ಟೆಸ್ಟ್‌ನಲ್ಲಿ ಭಾರತ ಅವರನ್ನು ಮೂರನೇ ಕ್ರಮಾಂಕಕ್ಕೆ ಕಳಿಸಿತು. ತಂಡ 93ಕ್ಕೆ ಕುಸಿದಾಗ ಅವರ 31 ರನ್ನೇ ಅತಿ ಹೆಚ್ಚು. ಅದೇ ಪಂದ್ಯದಲ್ಲಿ ಗಿಲ್ ಕುತ್ತಿಗೆ ನೋವಿನಿಂದ 4 ರನ್ ಗಳಿಸಿದ್ದಾಗ ಮೈದಾನ ಬಿಟ್ಟರು, ಸರಣಿಯ ಮುಂದಿನ ಟೆಸ್ಟ್‌ಗೂ ಇರಲಿಲ್ಲ. ಬಟ್ಲರ್‌ಗೆ ಈಗ 35 ವರ್ಷ. ಮೂವರೂ ಮತ್ತೆ ಎಲ್ಲ ಪಂದ್ಯಗಳಲ್ಲಿ ಆಡಿ 1947 ರನ್ ಹೊಡೆಯುತ್ತಾರೆ ಎಂಬುದು ಆಸೆ, ಯೋಜನೆಯಲ್ಲ.

ವಾಷಿಂಗ್ಟನ್ ಅವರನ್ನು ನಾಲ್ಕರಲ್ಲಿ ಖಾಯಂ ಮಾಡಿ, ಐದರಲ್ಲಿ ಫಿಲಿಪ್ಸ್, ಆರರಲ್ಲಿ ಶಾರುಖ್, ಏಳರಲ್ಲಿ ತೆವಾಟಿಯಾ ಎಂದು ಪಾತ್ರ ಹಂಚಿದರೆ ಡೆಪ್ತ್ ಚಾರ್ಟ್‌ಗೆ ಅರ್ಥ ಬರುತ್ತದೆ. ಕಟ್ಟುವವರೊಬ್ಬರು, ಸ್ಪಿನ್ ಎದುರು ರನ್ ವೇಗ ಹೆಚ್ಚಿಸುವವರೊಬ್ಬರು, ಮುಗಿಸುವವರಿಬ್ಬರು. ಕುಮಾರ್ ಕುಶಾಗ್ರ, ನಿಶಾಂತ್ ಸಿಂಧು ಅವರಂಥ ಯುವಕರಿಗೂ ಆರಂಭದ ಪಂದ್ಯಗಳಲ್ಲೇ ಜಾಗ ಬೇಕು. ಲೀಗ್ ಹಂತದ ಮಧ್ಯದಲ್ಲಿ ಒಂದೆರಡು ಪಂದ್ಯ ಪ್ರಯೋಗಕ್ಕೆ ಕೊಟ್ಟರೆ ನಷ್ಟವಾಗಬಹುದು. ಆ ನಷ್ಟ ಪ್ಲೇಆಫ್‌ನಲ್ಲಿ ಹೊಸಬನನ್ನು ಮೊದಲ ಸಲ ಇಳಿಸುವುದಕ್ಕಿಂತ ಅಗ್ಗ. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.

ತಂಡದ ಬೌಲಿಂಗ್ ಬಗ್ಗೆ ಚಿಂತೆ ಕಡಿಮೆ. ನಮ್ಮ ಪ್ರಸಿದ್ಧ ಕೃಷ್ಣ 25 ವಿಕೆಟ್‌ಗಳೊಂದಿಗೆ ಪರ್ಪಲ್ ಕ್ಯಾಪ್ ಪಡೆದರು, ಜೊತೆಗೆ ಸಿರಾಜ್, ರಬಾಡ, ರಶೀದ್, ಸಾಯಿ ಕಿಶೋರ್ ಇದ್ದಾರೆ. ಒಬ್ಬ ಮಂಕಾದರೆ ಇನ್ನೊಬ್ಬ ಎತ್ತುತ್ತಾನೆ. ಬ್ಯಾಟಿಂಗ್‌ಗೂ ಅದೇ ಸ್ಥಿತಿ ಬರಬೇಕು.

ಹಾಗಾಗಿ ಮುಂದಿನ ಋತುವಿನ ಮೊದಲ ನಾಲ್ಕೈದು ಪಂದ್ಯಗಳಲ್ಲಿ ಆರೆಂಜ್ ಕ್ಯಾಪ್ ಪಟ್ಟಿಯನ್ನು ಬದಿಗಿಡಿ. ಟೈಟನ್ಸ್ ಪರ ನಾಲ್ಕನೇ ಕ್ರಮಾಂಕದಲ್ಲಿ ಯಾರು ಬರುತ್ತಾರೆ, ಎಷ್ಟನೇ ಓವರ್‌ನಲ್ಲಿ ಬರುತ್ತಾರೆ, ಎಷ್ಟು ಎಸೆತ ಆಡುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಪಂದ್ಯಕ್ಕೂ ಹೆಸರು ಬದಲಾಗುತ್ತಿದ್ದರೆ, ಎಸೆತಗಳ ಸಂಖ್ಯೆ ಒಂದಂಕಿಯಲ್ಲೇ ನಿಂತಿದ್ದರೆ, ತಂಡ ಅಂಕಪಟ್ಟಿಯ ಮೇಲ್ಭಾಗದಲ್ಲಿದ್ದರೂ 2025ರ ಮೇ ತಿಂಗಳು ಮರುಕಳಿಸುವ ಸಾಧ್ಯತೆ ಇದ್ದೇ ಇದೆ.