ಮನೆಯ ಕಷ್ಟ ಟೀಚರಿಗೂ ಗೊತ್ತಿರಲಿ

ಒಂಬತ್ತನೇ ತರಗತಿಯ ಹುಡುಗ ವಾರಕ್ಕೆ ಮೂರು ದಿನ ತಡ. ಕೇಳಿದರೆ ‘ಬಸ್ ಸಿಗ್ಲಿಲ್ಲ ಸರ್’ ಅನ್ನುತ್ತಾನೆ. ನಿಜವಾಗಿ ಅವನು ಬೆಳಗ್ಗೆ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತು ಬಂದಿರುತ್ತಾನೆ. ಚೆನ್ನಾಗಿ ಓದುತ್ತಿದ್ದ ಇನ್ನೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟಿದ್ದಾಳೆ. ಬಾಪ ಮನೆ ಬಿಟ್ಟು ಹೋಗಿದ್ದಾರೆ, ಉಮ್ಮ ಕಟ್ಟುವ ಬೀಡಿಯಿಂದ ಮನೆ ನಡೆಯಬೇಕು. ನಮ್ಮ ಕರಾವಳಿಯ ಹೈಸ್ಕೂಲುಗಳಲ್ಲಿ ಇಂಥ ಮಕ್ಕಳು ಅಪರೂಪವೇನಲ್ಲ.

ಇದನ್ನು ಮನೆಯ ಹೊರಗೆ ಮೊದಲು ಗಮನಿಸುವವರು ಟೀಚರ್. ‘ಎಂತ ಮಗಾ, ಊಟ ಆಯ್ತಾ?’ ಎಂದು ಅವರು ಕೇಳುವ ಒಂದು ಮಾತಿಗೆ ಎಷ್ಟೋ ಮಕ್ಕಳು ಕಣ್ಣೀರಾಗುತ್ತಾರೆ. ಆದರೆ ನಾವು ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವುದೇನು? ‘ಶಾಲೆಯಲ್ಲಿ ಬಾಯಿ ಬಿಡಬೇಡ, ಮರ್ಯಾದೆ ಹೋಗ್ತದೆ’ ಎಂದು. ಮರ್ಯಾದೆ ಉಳಿಯುತ್ತದೆ, ಮಗು ಶಾಲೆ ಬಿಡುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಆ ಮೇಲೆ ಎಸ್ಸೆಸೆಲ್ಸಿಯ ತನಕ ಮಗುವನ್ನು ಶಾಲೆಯಲ್ಲಿ ಉಳಿಸಬೇಕಾದವರು ಮನೆಯವರು ಮತ್ತು ಟೀಚರ್. ಇಬ್ಬರೂ ಮಾತಾಡಿಕೊಳ್ಳದಿದ್ದರೆ ಹೇಗೆ?

ವಿಷಯ ಗೊತ್ತಾದರೆ ಟೀಚರ್ ದಾರಿ ತೋರಿಸಬಲ್ಲರು. ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ಆದಾಯ ಮಿತಿಯೊಳಗಿದ್ದರೆ, ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಸರಕಾರಿ, ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇದೆಲ್ಲ ಗೊತ್ತಿಲ್ಲದೆ ಕೈಬಿಟ್ಟ ಮನೆಗಳು ಎಷ್ಟಿಲ್ಲ!

ಟೀಚರುಗಳಿಗೂ ಒಂದು ಮಾತು. ಮಗು ನಂಬಿ ಹೇಳಿದ್ದು ಸ್ಟಾಫ್ ರೂಮಿನ ಹರಟೆಯಾಗಬಾರದು, ತರಗತಿಯಲ್ಲಿ ಎಲ್ಲರೆದುರು ಕೆದಕಲೂಬಾರದು. ಆದರೆ ಎಲ್ಲ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಿಕ್ಕಾಗದು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮಗು ಅಪಾಯದಲ್ಲಿದ್ದರೆ ಯಾರು ಬೇಕಾದರೂ 1098ಕ್ಕೆ ಫೋನ್ ಮಾಡಬಹುದು, ಹಣ ಬೇಡ.

ಕೈಯಿಂದ ದುಡ್ಡು ಹಾಕಿ ಮಕ್ಕಳ ಫೀಸು ಕಟ್ಟುವ, ಶೂ ತೆಗೆದುಕೊಡುವ ಟೀಚರುಗಳು ನಮ್ಮ ನಡುವೆ ಇದ್ದಾರೆ. ಆದರೆ ಒಬ್ಬರ ಸಂಬಳದ ಮೇಲೆ ಎಷ್ಟು ಮಕ್ಕಳ ಭಾರ ಹೊರಿಸೋಣ? ನಮ್ಮ ಜಮಾಅತ್‌ಗಳು ಎಸ್ಸೆಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತವೆ. ಒಳ್ಳೆಯದೇ. ಅದರ ಜೊತೆ ಜೂನ್ ತಿಂಗಳಲ್ಲೇ ಹತ್ತಿರದ ಹೈಸ್ಕೂಲಿಗೆ ಹೋಗಿ, ‘ಯಾವ ಮಗು ಕಷ್ಟದಲ್ಲಿದೆ, ಎಂತ ಬೇಕು?’ ಎಂದು ಕೇಳಲಿ. ಮಗುವಿನ ಹೆಸರು ಹೊರಗೆ ಬಾರದಂತೆ ನೆರವು ಮುಟ್ಟಿಸಲಿ.

ಇನ್ನು ಮನೆಯವರು. ಮುಂದಿನ ಪೋಷಕರ ಸಭೆಗೆ ಹೋದಾಗ ಮಾರ್ಕಿನ ಕಾರ್ಡಿಗೆ ಸಹಿ ಹಾಕಿ ಓಡಿ ಬರಬೇಡಿ. ಐದು ನಿಮಿಷ ಕೂತು ಮನೆಯ ಸ್ಥಿತಿ ಹೇಳಿ. ಹೇಳಿದರೆ ಸಣ್ಣವರಾಗುವುದಿಲ್ಲ.